ಜ್ವರ ಬಿಟ್ಟ ಮೇಲೆ ಶುರುವಾಗುವ ಅಪಾಯ: ಡೆಂಗಿ ಯಾರಲ್ಲಿ ಉಲ್ಬಣಿಸುತ್ತದೆ?

ಡೆಂಗಿ ಬಂದವರ ಮನೆಯಲ್ಲಿ ನಾಲ್ಕನೆಯ ಅಥವಾ ಐದನೆಯ ದಿನ ಜ್ವರ ಇಳಿದಾಗ ಎಲ್ಲರ ಎದೆಯ ಭಾರವೂ ಇಳಿಯುತ್ತದೆ. ಮೂರು ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವರು ಅಂದು ಕಣ್ಣು ಮುಚ್ಚುತ್ತಾರೆ. ಗಂಟೆಗೊಮ್ಮೆ ಎಬ್ಬಿಸಿ ನೀರು ಕುಡಿಸುವುದು ತಪ್ಪುತ್ತದೆ, ಮರುದಿನದ ರಕ್ತಪರೀಕ್ಷೆ ಇನ್ನು ಯಾಕೆ ಎನಿಸುತ್ತದೆ. ಬೇರೆ ಬಹುತೇಕ ಜ್ವರಗಳಲ್ಲಿ ಈ ನೆಮ್ಮದಿ ತಪ್ಪೇನಲ್ಲ. ಡೆಂಗಿಯಲ್ಲಿ ಹಾಗಾಗುವುದಿಲ್ಲ. ಈ ಕಾಯಿಲೆ ತೀವ್ರ ರೂಪಕ್ಕೆ ತಿರುಗುವವರಲ್ಲಿ ಹೆಚ್ಚಿನವರು ಕುಸಿಯುವುದು ಜ್ವರ ಬಿಟ್ಟ ಹೊತ್ತಿನ ಆಸುಪಾಸಿನ ಒಂದೆರಡು ದಿನಗಳಲ್ಲೇ.

ಡೆಂಗಿ ಯಾರಿಗೆ ಅಪಾಯಕಾರಿ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಪಟ್ಟಿ: ಹಸುಗೂಸುಗಳು, ವೃದ್ಧರು, ಗರ್ಭಿಣಿಯರು, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರು. ಈ ಪಟ್ಟಿ ಸರಿಯಾದದ್ದೇ, ಆದರೆ ಅದನ್ನು ಓದಿದ ಇಪ್ಪತ್ತೈದು ವರ್ಷದ ಗಟ್ಟಿಮುಟ್ಟಾದ ವ್ಯಕ್ತಿ ತನ್ನ ಹೆಸರು ಅದರಲ್ಲಿಲ್ಲವೆಂದು ನಿಶ್ಚಿಂತನಾಗಿಬಿಡುತ್ತಾನೆ. ನನಗೆ ಕಳವಳ ತರುವುದು ಅದು. ಡೆಂಗಿಯ ಅಪಾಯವನ್ನು ನಿರ್ಧರಿಸುವುದರಲ್ಲಿ ವಯಸ್ಸು, ಕಾಯಿಲೆಗಳಷ್ಟೇ, ಕೆಲವೊಮ್ಮೆ ಅವಕ್ಕಿಂತ ಹೆಚ್ಚಾಗಿ, ಇನ್ನೆರಡು ಸಂಗತಿಗಳ ಪಾತ್ರವಿದೆ. ಈ ದೇಹ ಹಿಂದೆ ಯಾವ ಸೋಂಕನ್ನು ಕಂಡಿದೆ ಎಂಬುದು ಒಂದು, ಈಗಿನ ಕಾಯಿಲೆ ಎಷ್ಟನೆಯ ದಿನದಲ್ಲಿದೆ ಎಂಬುದು ಇನ್ನೊಂದು. ಮೊದಲನೆಯದು ಬಹುಪಾಲು ಜನರಿಗೆ ತಮ್ಮ ಬಗ್ಗೆಯೇ ಗೊತ್ತಿರುವುದಿಲ್ಲ. ಎರಡನೆಯದನ್ನು ಮಾತ್ರ ಲೆಕ್ಕ ಇಟ್ಟರೆ ಯಾರು ಬೇಕಾದರೂ ತಿಳಿದುಕೊಳ್ಳಬಹುದು.

ಕಾಯಿಲೆಯ ವ್ಯಾಪ್ತಿಯನ್ನು ಮೊದಲು ಗಮನಿಸೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 39 ಕೋಟಿ ಡೆಂಗಿ ಸೋಂಕುಗಳಾಗುತ್ತವೆಂದೂ ಅವುಗಳಲ್ಲಿ ಸುಮಾರು 9.6 ಕೋಟಿ ಮಾತ್ರ ಕಾಯಿಲೆಯಾಗಿ ಹೊರಗೆ ಕಾಣಿಸಿಕೊಳ್ಳುತ್ತವೆಂದೂ 2013ರಲ್ಲಿ ಪ್ರಕಟವಾದ ಅಂದಾಜೊಂದು ಹೇಳಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಪ್ರಕರಣಗಳೇ 1.4 ಕೋಟಿ ದಾಟಿದವು; ಅದುವರೆಗೆ ಯಾವ ವರ್ಷವೂ ಇಷ್ಟು ವರದಿಯಾಗಿರಲಿಲ್ಲ. ಈ ಬೃಹತ್ ಸಂಖ್ಯೆಯಲ್ಲಿ ತೀವ್ರ ಸ್ವರೂಪಕ್ಕೆ ಹೋಗುವವರು ಸಣ್ಣ ಪಾಲು. ತೀವ್ರ ಡೆಂಗಿಗೆ ಚಿಕಿತ್ಸೆಯೇ ಸಿಗದಿದ್ದರೆ ನೂರರಲ್ಲಿ ಇಪ್ಪತ್ತು ಮಂದಿಯವರೆಗೂ ಸಾಯಬಹುದು. ಹೊತ್ತಿಗೆ ಸರಿಯಾಗಿ ಗುರುತಿಸಿ, ಎಚ್ಚರಿಕೆಯಿಂದ ದ್ರವ ಕೊಟ್ಟು ನೋಡಿಕೊಂಡರೆ ಆ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಬಳಕೆಗೆ ಬಂದಿಲ್ಲವಾದ್ದರಿಂದ, ಇಪ್ಪತ್ತಕ್ಕೂ ಒಂದಕ್ಕೂ ನಡುವಿನ ಈ ಅಂತರವೆಲ್ಲ ನಿಂತಿರುವುದು ಗುರುತಿಸುವಿಕೆ ಮತ್ತು ಆರೈಕೆಯ ಮೇಲೆ.

'ತೀವ್ರ' ಎಂದರೇನು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಬದಲಿಸಿದ ವರ್ಗೀಕರಣದ ಪ್ರಕಾರ ಮೂರು ಸ್ಥಿತಿಗಳು ತೀವ್ರ ಡೆಂಗಿ ಎನಿಸಿಕೊಳ್ಳುತ್ತವೆ: ರಕ್ತನಾಳಗಳಿಂದ ಪ್ಲಾಸ್ಮಾ ಸೋರಿ ರಕ್ತಸಂಚಾರ ಕುಸಿಯುವುದು ಅಥವಾ ಉಸಿರಾಟಕ್ಕೆ ಕಷ್ಟವಾಗುವುದು, ಗಂಭೀರ ರಕ್ತಸ್ರಾವ, ಮತ್ತು ಯಕೃತ್ತು, ಮೆದುಳು, ಹೃದಯದಂಥ ಅಂಗಗಳಿಗೆ ತೀವ್ರ ಪೆಟ್ಟು. ಜನರ ಮನಸ್ಸಿನಲ್ಲಿ ಡೆಂಗಿ ಎಂದರೆ ರಕ್ತಸ್ರಾವ, ರಕ್ತಸ್ರಾವ ಎಂದರೆ ಪ್ಲೇಟ್‌ಲೆಟ್ ಎಂಬ ಸರಪಣಿ ಬಲವಾಗಿ ಕೂತಿದೆ. ಆದರೆ ಡೆಂಗಿಯನ್ನು ಬೇರೆ ವೈರಲ್ ಜ್ವರಗಳಿಂದ ಪ್ರತ್ಯೇಕಿಸುವುದು, ಹೆಚ್ಚು ಜನರನ್ನು ಆಪತ್ತಿಗೆ ತಳ್ಳುವುದು, ಆ ಸೋರಿಕೆ. ರಕ್ತದ ಕೆಂಪುಕಣಗಳು ಒಳಗೇ ಉಳಿದು ನೀರಿನ ಭಾಗ ಲೋಮನಾಳಗಳ, ಅಂದರೆ ಕೂದಲೆಳೆಯಂಥ ಅತಿ ಸಣ್ಣ ರಕ್ತನಾಳಗಳ, ಗೋಡೆ ದಾಟಿ ಹೊಟ್ಟೆಗೋ ಎದೆಗೂಡಿಗೋ ಜಿನುಗುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣದೆ ರೋಗಿ ಆಘಾತಕ್ಕೆ, ಅಂದರೆ ರಕ್ತಸಂಚಾರ ಕುಸಿದ 'ಶಾಕ್' ಸ್ಥಿತಿಗೆ, ಜಾರಬಲ್ಲ.

ಹಿಂದಿನ ಸೋಂಕು ಯಾಕೆ ಅಷ್ಟು ಮುಖ್ಯವೆಂದು ಅರ್ಥವಾಗಬೇಕಾದರೆ ಡೆಂಗಿ ವೈರಸ್ ಒಂದೇ ಅಲ್ಲ, ನಾಲ್ಕು ಬಗೆ ಎಂಬುದರಿಂದ ಶುರುಮಾಡಬೇಕು. ಒಂದು ಬಗೆಯ ಸೋಂಕು ತಗುಲಿ ವಾಸಿಯಾದವರಿಗೆ ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧ ಸಿಗುವ ರಕ್ಷಣೆ ಕೆಲಕಾಲದ್ದು. ಅದು ಕರಗಿದ ಮೇಲೆ ಬೇರೊಂದು ಬಗೆಯ ವೈರಸ್ ಹೊಕ್ಕರೆ ತೀವ್ರ ರೋಗದ ಸಾಧ್ಯತೆ ಮೊದಲ ಬಾರಿಗಿಂತ ಹೆಚ್ಚು. ಸಾಮಾನ್ಯ ತಿಳಿವಳಿಕೆಗೆ ಇದು ಪೂರ್ತಿ ತಿರುವುಮುರುವು. ಒಮ್ಮೆ ಬಂದು ಹೋದರೆ ದೇಹ ಗಟ್ಟಿಯಾಗುತ್ತದೆಂದು ನಾವು ನಂಬಿರುತ್ತೇವೆ; ಇಲ್ಲಿ ಒಮ್ಮೆ ಬಂದು ಹೋದದ್ದೇ ಮುಂದಿನ ಆಪತ್ತಿಗೆ ದಾರಿ ಮಾಡಿಕೊಡಬಹುದು.

1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳನ್ನು ಅಧ್ಯಯನ ಮಾಡಿದ ಅಮೆರಿಕದ ವೈದ್ಯವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಗುರುತಿಸಿದರು. ಆಘಾತಕ್ಕೆ ಒಳಗಾದ ಮಕ್ಕಳಲ್ಲಿ ಎರಡು ಗುಂಪುಗಳು ಎದ್ದು ಕಂಡವು: ಎರಡನೆಯ ಸೋಂಕಿಗೆ ಸಿಕ್ಕ ದೊಡ್ಡ ಮಕ್ಕಳು, ಮತ್ತು ಮೊದಲ ಸೋಂಕೇ ತಗುಲಿದ್ದ ಒಂದು ವರ್ಷದೊಳಗಿನ ಕೂಸುಗಳು. ಮೇಲುನೋಟಕ್ಕೆ ಈ ಎರಡು ಗುಂಪುಗಳಿಗೆ ಸಂಬಂಧವೇ ಇಲ್ಲ. ಆದರೆ ಎರಡೂ ಕಡೆ ರಕ್ತದಲ್ಲಿ ಡೆಂಗಿಯ ಹಳೆಯ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನುಗಳು, ಇದ್ದವು. ದೊಡ್ಡ ಮಕ್ಕಳಲ್ಲಿ ತಮ್ಮದೇ ಹಿಂದಿನ ಸೋಂಕಿನವು, ಕೂಸುಗಳಲ್ಲಿ ತಾಯಿಯ ಗರ್ಭದಿಂದ ಬಂದವು. ಈ ಹಳೆಯ ಪ್ರತಿಕಾಯಗಳು ಹೊಸ ಬಗೆಯ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯಗೊಳಿಸುವಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಪ್ರತಿಕಾಯ ಅಂಟಿದ್ದನ್ನೆಲ್ಲ ನುಂಗುವುದೇ ಕೆಲಸವಾಗಿರುವ ಬಿಳಿರಕ್ತಕಣಗಳು ವೈರಸ್ಸನ್ನೂ ಒಳಗೆ ಎಳೆದುಕೊಳ್ಳುತ್ತವೆ, ಡೆಂಗಿ ವೈರಸ್ಸಿಗೆ ಬೆಳೆಯಲು ಬೇಕಾದದ್ದೂ ಅದೇ ಜೀವಕೋಶ. ಕಾವಲುಗಾರನೇ ಕೈಹಿಡಿದು ಕಳ್ಳನನ್ನು ಒಳಕೋಣೆಗೆ ಕರೆದೊಯ್ದಂತೆ. ವೈರಸ್ ಹೆಚ್ಚುತ್ತದೆ, ಅದು ಹೊರಸೂಸುವ ಎನ್‌ಎಸ್1 ಎಂಬ ಪ್ರೋಟೀನೂ ಹೆಚ್ಚುತ್ತದೆ, ಉರಿಯೂತದ ರಾಸಾಯನಿಕಗಳು ಉಕ್ಕುತ್ತವೆ, ಲೋಮನಾಳಗಳ ಒಳಗೋಡೆಯ ತೆಳು ಲೇಪನ ಹಾಳಾಗಿ ಸೋರಿಕೆ ಶುರುವಾಗುತ್ತದೆ.

ಕ್ಯೂಬಾ ದ್ವೀಪದ ಇತಿಹಾಸದಷ್ಟು ನಿಚ್ಚಳವಾಗಿ ಇದನ್ನು ತೋರಿಸುವ ಉದಾಹರಣೆ ಬೇರೊಂದಿಲ್ಲ. 1977ರಲ್ಲಿ ಅಲ್ಲಿ ಮೊದಲನೆಯ ಬಗೆಯ ಡೆಂಗಿ ವ್ಯಾಪಕವಾಗಿ ಹಬ್ಬಿತು, ಕಾಯಿಲೆ ಸೌಮ್ಯವಾಗಿತ್ತು. ನಾಲ್ಕು ವರ್ಷಗಳ ನಂತರ, 1981ರಲ್ಲಿ, ಎರಡನೆಯ ಬಗೆ ಬಂದಾಗ 3,44,203 ಮಂದಿಗೆ ಕಾಯಿಲೆಯಾಯಿತು, ಹತ್ತು ಸಾವಿರಕ್ಕೂ ಹೆಚ್ಚು ಜನ ತೀವ್ರ ಸ್ಥಿತಿಗೆ ಹೋದರು, 158 ಮಂದಿ ಸತ್ತರು, ಅವರಲ್ಲಿ 101 ಮಕ್ಕಳು. ಸೊಳ್ಳೆ ನಿಯಂತ್ರಣದ ಬಿಗಿ ಕ್ರಮಗಳಿಂದ ಆಮೇಲೆ ಬಹುಕಾಲ ದ್ವೀಪದಲ್ಲಿ ಡೆಂಗಿಯ ಸುಳಿವೇ ಇರಲಿಲ್ಲ. 1997ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾ ನಗರಕ್ಕೆ ಎರಡನೆಯ ಬಗೆ ಮತ್ತೆ ಬಂತು. ಈ ಬಾರಿ ತೀವ್ರ ರೋಗಕ್ಕೆ ತುತ್ತಾದವರು ಬಹುತೇಕ ಎಲ್ಲರೂ ವಯಸ್ಕರು, ಸತ್ತ ಹನ್ನೆರಡು ಮಂದಿಯೂ ವಯಸ್ಕರೇ. 1977ರ ಅಲೆಯಲ್ಲಿ ಮೊದಲ ಸೋಂಕು ಪಡೆದ ಪೀಳಿಗೆ ಅದಾಗಿತ್ತು. ಆ ಅಲೆ ಮುಗಿದ ಮೇಲೆ ಹುಟ್ಟಿ ಡೆಂಗಿಯನ್ನೇ ಕಾಣದೆ ಬೆಳೆದ ಮಕ್ಕಳು, ಅದೇ ಊರಿನಲ್ಲಿ ಅದೇ ವೈರಸ್ಸಿಗೆ ಸಿಕ್ಕಿಯೂ, ಹೆಚ್ಚು ಪೆಟ್ಟಿಲ್ಲದೆ ಪಾರಾದರು. ಎರಡು ಸೋಂಕುಗಳ ನಡುವಿನ ಅವಧಿ ನಾಲ್ಕು ವರ್ಷವಿದ್ದಾಗಿನದಕ್ಕಿಂತ ಇಪ್ಪತ್ತು ವರ್ಷವಾದಾಗ ಸಾವಿನ ಪ್ರಮಾಣ ಏರಿತ್ತೆಂಬುದು ಅಲ್ಲಿನ ಸಂಶೋಧಕರು ಕಂಡುಕೊಂಡ ಇನ್ನೊಂದು ಸಂಗತಿ. ಕಾಲ ಕಳೆದಂತೆ ಅಪಾಯ ತಾನಾಗಿ ತಗ್ಗುತ್ತದೆಂಬ ಊಹೆಗೆ ಇಲ್ಲಿ ಆಧಾರವಿಲ್ಲ.

ಪ್ರತಿಕಾಯಗಳಿದ್ದ ಮಾತ್ರಕ್ಕೆ ಆಪತ್ತು ಎಂದೂ ಹೇಳುವಂತಿಲ್ಲ; ಎಷ್ಟಿವೆ ಎಂಬುದು ನಿರ್ಣಾಯಕ. ನಿಕರಾಗುವಾದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿಕಾಯಗಳೇ ಇಲ್ಲದವರಿಗೂ ಹೇರಳವಾಗಿ ಇದ್ದವರಿಗೂ ತೀವ್ರ ರೋಗದ ಅಪಾಯ ಕಡಿಮೆಯಿತ್ತು. ನಡುವಿನ ಒಂದು ಕಿರಿದಾದ ಮಟ್ಟದಲ್ಲಿದ್ದವರಿಗೆ ಅಪಾಯ ಏಳು ಪಟ್ಟಿಗೂ ಹೆಚ್ಚು. ಬ್ಯಾಂಕಾಕಿನ ಕೂಸುಗಳ ಒಗಟೂ ಇದರಿಂದ ಬಿಡಿಸಿಕೊಳ್ಳುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವನ್ನು ಕಾಯುತ್ತವೆ, ಅವು ಕರಗುತ್ತ ಬಂದು ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಆ ಅಪಾಯದ ನಡುಮಟ್ಟಕ್ಕೆ ಇಳಿಯುತ್ತವೆ, ಪೂರ್ತಿ ಮಾಯವಾದ ಮೇಲೆ ಅಪಾಯವೂ ತಗ್ಗುತ್ತದೆ. ಒಂದೇ ಮಗುವಿಗೆ ಒಂದೇ ವಸ್ತು ಕೆಲವೇ ತಿಂಗಳ ಅಂತರದಲ್ಲಿ ರಕ್ಷೆಯೂ ಆಗಿ, ಆಪತ್ತೂ ಆಗಿ, ಕೊನೆಗೆ ಏನೂ ಆಗದೆ ಹೋಗುವ ಈ ವಿದ್ಯಮಾನ ವೈದ್ಯಕೀಯದಲ್ಲಿ ಅಪರೂಪದ್ದು. ಡೆಂಗಿಯ ಹತ್ತಿರದ ಬಂಧುವಾದ ಝೀಕಾ ವೈರಸ್ಸಿನ ಸೋಂಕೂ ಆಮೇಲೆ ಬರುವ ಡೆಂಗಿಯನ್ನು ಹೀಗೆಯೇ ಉಲ್ಬಣಿಸಬಲ್ಲದೆಂದು ನಿಕರಾಗುವಾದ ಇನ್ನೊಂದು ಅಧ್ಯಯನ 2020ರಲ್ಲಿ ತೋರಿಸಿತು.

ಈ ಜ್ಞಾನದ ಬೆಲೆ ಎಷ್ಟು ದೊಡ್ಡದೆಂಬುದು ಫಿಲಿಪ್ಪೀನ್ಸಿನಲ್ಲಿ ತಿಳಿಯಿತು. 2016ರಲ್ಲಿ ಆ ದೇಶ ಡೆಂಗ್‌ವ್ಯಾಕ್ಸಿಯಾ ಲಸಿಕೆಯನ್ನು ಶಾಲಾ ಮಕ್ಕಳಿಗೆ ಕೊಡಲು ಆರಂಭಿಸಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಚುಚ್ಚುಮದ್ದು ಹಾಕಿತು. ಹಿಂದೆ ಡೆಂಗಿ ತಗುಲದವರಿಗೆ ಈ ಲಸಿಕೆ ಕೊಟ್ಟರೆ, ಮುಂದೆ ನಿಜವಾದ ಸೋಂಕು ಬಂದಾಗ ತೀವ್ರ ರೋಗದ ಅಪಾಯ ಹೆಚ್ಚಬಹುದೆಂದು ತಯಾರಕ ಸಂಸ್ಥೆ ಸನೋಫಿ 2017ರ ನವೆಂಬರಿನಲ್ಲಿ ಪ್ರಕಟಿಸಿತು. ಅಂಥವರ ದೇಹಕ್ಕೆ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಿತ್ತು. ಕಾರ್ಯಕ್ರಮ ನಿಂತಿತು, ತಾಯಿತಂದೆಯರಲ್ಲಿ ಲಸಿಕೆಗಳ ಮೇಲಿದ್ದ ನಂಬಿಕೆಯೇ ಕದಡಿತು. ಹಿಂದೆ ಸೋಂಕಾಗಿತ್ತೆಂದು ರಕ್ತಪರೀಕ್ಷೆಯಲ್ಲಿ ಖಚಿತವಾದವರಿಗೆ ಮಾತ್ರ ಈ ಲಸಿಕೆ ಕೊಡುವುದು ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಆಮೇಲೆ ಬಂದ ಕ್ಯೂಡೆಂಗಾ ಲಸಿಕೆಗೆ ಇಂಥ ಪೂರ್ವಪರೀಕ್ಷೆಯ ಷರತ್ತಿಲ್ಲ. ಡೆಂಗಿ ಹಾವಳಿ ಹೆಚ್ಚಿರುವ ಪ್ರದೇಶಗಳ 6ರಿಂದ 16 ವರ್ಷದವರಿಗೆ ಎರಡು ಡೋಸ್ ಕೊಡಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಶಿಫಾರಸು.

ಇಷ್ಟು ಹೇಳಿದ ಮೇಲೆ ಎರಡನೆಯ ಸೋಂಕೆಂದರೆ ತೀವ್ರ ಡೆಂಗಿಯೇ ಎಂದು ಯಾರೂ ತಿಳಿಯಬಾರದು. ಎರಡನೆಯ ಬಾರಿ ಸೋಂಕಾದವರಲ್ಲೂ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಮೊದಲ ಸೋಂಕಿನಲ್ಲೇ ಕುಸಿದವರೂ ಇದ್ದಾರೆ. ಪೆರುವಿನ ಇಕಿಟೋಸ್ ನಗರದಲ್ಲಿ 1990ರಲ್ಲಿ ಮೊದಲನೆಯ ಬಗೆ, 1995ರಲ್ಲಿ ಎರಡನೆಯ ಬಗೆ ಹಬ್ಬಿತು. ಕ್ಯೂಬಾದ ಅನುಭವವೇ ಮರುಕಳಿಸಬೇಕಿತ್ತು. ಎರಡನೆಯ ಸೋಂಕುಗಳು ಸಾವಿರಗಟ್ಟಲೆ ಆದವು, ರಕ್ತಸ್ರಾವ ಅಥವಾ ಆಘಾತದ ಡೆಂಗಿ ಮಾತ್ರ ಒಂದೂ ಕಂಡುಬರಲಿಲ್ಲ. ಅಲ್ಲಿ ಓಡಾಡುತ್ತಿದ್ದದ್ದು ಎರಡನೆಯ ಬಗೆಯದೇ ಆದರೂ ಅಮೆರಿಕ ಖಂಡದ ಹಳೆಯ ತಳಿ. ಕ್ಯೂಬಾವನ್ನು ಅಲ್ಲಾಡಿಸಿದ್ದು ಏಷ್ಯಾ ಮೂಲದ ತಳಿ. ಬಗೆಯೊಳಗಿನ ಉಪತಳಿಯೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಅನುವಂಶೀಯತೆಯ ಪಾಲೂ ಇದೆ: ವಿಯೆಟ್ನಾಮಿನ ಮಕ್ಕಳ ವಂಶವಾಹಿಗಳನ್ನು ಜಾಲಾಡಿದ 2011ರ ಅಧ್ಯಯನ ಡೆಂಗಿ ಆಘಾತದೊಂದಿಗೆ ನಂಟಿರುವ ಎರಡು ತಾಣಗಳನ್ನು ಗುರುತಿಸಿತು. ಹಾಸಿಗೆಯ ಪಕ್ಕ ನಿಂತ ವೈದ್ಯರಿಗಾಗಲಿ ಮನೆಯವರಿಗಾಗಲಿ ಇವುಗಳಿಂದ ಸದ್ಯಕ್ಕೆ ಪ್ರಯೋಜನವಿಲ್ಲವಾದ್ದರಿಂದ ಇದನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನು ಎಲ್ಲರಿಗೂ ಪರಿಚಿತವಾದ ಪಟ್ಟಿಗೆ ಬರೋಣ. ಮಕ್ಕಳ ಲೋಮನಾಳಗಳು ವಯಸ್ಕರವಕ್ಕಿಂತ ಸಹಜವಾಗಿಯೇ ಹೆಚ್ಚು ಸೋರುವ ಸ್ವಭಾವದವು. ಅವರು ಆಘಾತಕ್ಕೆ ಬೇಗ ಒಳಗಾಗುತ್ತಾರೆ. ವಯಸ್ಕರಲ್ಲಿ ರಕ್ತಸ್ರಾವವೂ ಅಂಗಗಳ ವೈಫಲ್ಯವೂ ತುಲನೆಯಲ್ಲಿ ಹೆಚ್ಚು. 2015ರಲ್ಲಿ ತೈವಾನಿನಲ್ಲಿ 43 ಸಾವಿರಕ್ಕೂ ಹೆಚ್ಚು ಪ್ರಕರಣಗಳಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಅವರಲ್ಲಿ ಹೆಚ್ಚಿನವರು ವೃದ್ಧರು, ಹಳೆಯ ಕಾಯಿಲೆಗಳನ್ನು ಹೊತ್ತವರು. ಮಧುಮೇಹದಲ್ಲಿ ರಕ್ತನಾಳಗಳ ಒಳಗೋಡೆ ಮೊದಲೇ ಜಖಂ ಆಗಿರುತ್ತದೆ, ಡೆಂಗಿ ಅದೇ ಗೋಡೆಯ ಮೇಲೆ ಎರಗುತ್ತದೆ. ಬೊಜ್ಜು ಇರುವವರಲ್ಲಿ ತೀವ್ರ ರೋಗದ ಸಾಧ್ಯತೆ ಹೆಚ್ಚೆಂದು ಮಕ್ಕಳ ಅಧ್ಯಯನಗಳು ಸೂಚಿಸಿವೆ. ಗರ್ಭಿಣಿಯರಲ್ಲಿ, ಅದರಲ್ಲೂ ಹೆರಿಗೆಯ ದಿನ ಹತ್ತಿರವಿದ್ದಾಗ, ರಕ್ತಸ್ರಾವದ ಭಯ ಇಮ್ಮಡಿಸುತ್ತದೆ, ಸೋಂಕು ಮಗುವಿಗೂ ದಾಟಬಹುದು.

ವೃದ್ಧರ ವಿಚಾರದಲ್ಲಿ ಒಂದು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಅವರಲ್ಲಿ ಕಾಯಿಲೆ ಜೋರಾಗಿರುವುದು ಒಂದು ತೊಂದರೆಯಾದರೆ, ಅದು ಕಣ್ಣಿಗೆ ಬೀಳದಿರುವುದು ಇನ್ನೊಂದು. ಕೆಲವರಿಗೆ ಜ್ವರವೇ ಹೆಚ್ಚು ಬರುವುದಿಲ್ಲ. ರಕ್ತದೊತ್ತಡ ಸದಾ 160ರಲ್ಲಿರುತ್ತಿದ್ದವರಿಗೆ 120 ಬಂದರೆ ನೋಡುವವರು 'ನಾರ್ಮಲ್' ಎನ್ನುತ್ತಾರೆ, ಆ ದೇಹಕ್ಕೆ ಅದು ಕುಸಿತ. ದೇಹದಲ್ಲಿ ದ್ರವ ಕಡಿಮೆಯಾದಾಗ ನಾಡಿಬಡಿತ ಏರಿ ಎಚ್ಚರಿಸಬೇಕು. ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುತ್ತಿರುವವರಲ್ಲಿ ಅದು ಅಷ್ಟಾಗಿ ಏರುವುದಿಲ್ಲ. ಅಪಾಯದ ಗುಂಪಿನಲ್ಲಿರುವವರಿಗೇ ಅಪಾಯದ ಗಂಟೆ ಸದ್ದುಮಾಡದಿರುವ ಪರಿಸ್ಥಿತಿ ಇದು.

ದೇಹಕ್ಕೆ ಸಂಬಂಧಿಸದ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಚಿಕಿತ್ಸಾ ಮಾರ್ಗಸೂಚಿ ಯಾರನ್ನು ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕೆಂದು ಹೇಳುವಾಗ ಮಧುಮೇಹ, ಗರ್ಭಧಾರಣೆಗಳ ಸಾಲಿನಲ್ಲೇ ಒಂಟಿಯಾಗಿ ಬದುಕುವುದನ್ನೂ, ಆಸ್ಪತ್ರೆಯಿಂದ ದೂರವಿರುವುದನ್ನೂ ಸೇರಿಸುತ್ತದೆ. ನನಗೆ ಇದು ಆ ಮಾರ್ಗಸೂಚಿಯ ಅತ್ಯಂತ ವಿವೇಕದ ಸಾಲೆನಿಸುತ್ತದೆ. 2023ರಲ್ಲಿ ಬಾಂಗ್ಲಾದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಡೆಂಗಿಯಿಂದ ಆಸ್ಪತ್ರೆ ಸೇರಿ 1,705 ಮಂದಿ ಸತ್ತರು. ಸೇರಿದವರಲ್ಲಿ ಗಂಡಸರು ಹೆಚ್ಚು, ಸತ್ತವರಲ್ಲಿ ಹೆಂಗಸರು ಹೆಚ್ಚು. ವೈರಸ್ಸಿನ ಗುಣವೊಂದರಿಂದಲೇ ಇದನ್ನು ವಿವರಿಸಲು ಹೊರಟರೆ ದಾರಿ ತಪ್ಪುತ್ತೇವೆ. ಮನೆಯಲ್ಲಿ ಯಾರ ಜ್ವರವನ್ನು ಎಷ್ಟು ಬೇಗ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ, ಯಾರು ಎಷ್ಟನೆಯ ದಿನ ಆಸ್ಪತ್ರೆ ತಲುಪುತ್ತಾರೆ ಎಂಬ ಪ್ರಶ್ನೆಗಳನ್ನೂ ಕೇಳಲೇಬೇಕು.

ದಿನದ ಲೆಕ್ಕ ಮುಖ್ಯವಾಗುವುದು ಇಲ್ಲಿಯೇ. ಡೆಂಗಿಯ ಜ್ವರ ಎರಡರಿಂದ ಏಳು ದಿನವಿರುತ್ತದೆ. ಅದು ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಸೋರಿಕೆ ಆರಂಭವಾಗಿ 24ರಿಂದ 48 ಗಂಟೆ ನಡೆಯುತ್ತದೆ. ಆ ಗಂಟೆಗಳನ್ನು ದಾಟಿಸಿದರೆ ರಕ್ತನಾಳಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಹೊರಹೋದ ದ್ರವ ಮರಳುತ್ತದೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಅತಿಯಾದ ಮಂಪರು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು ಮುಂಚಿತವಾಗಿ ಬರುವ ಸೂಚನೆಗಳು. ಇವುಗಳಲ್ಲಿ ಒಂದೇ ಕಂಡರೂ, ಅಪಾಯದ ಪಟ್ಟಿಯಲ್ಲಿ ಹೆಸರಿರಲಿ ಬಿಡಲಿ, ಆ ವ್ಯಕ್ತಿ ಆ ಕ್ಷಣದಿಂದ ಅಪಾಯದ ಗುಂಪಿಗೆ ಸೇರಿದಂತೆಯೇ.

ಒಂದು ರಕ್ತಪರೀಕ್ಷೆಯ ಚೀಟಿಯನ್ನು ಹತ್ತಿರದಿಂದ ನೋಡೋಣ. ಎರಡನೆಯ ದಿನದ ಚೀಟಿಯಲ್ಲಿ ಪ್ಲೇಟ್‌ಲೆಟ್ 1,60,000, ಹೆಮಟೋಕ್ರಿಟ್ 38 ಎಂದಿದೆ. ಐದನೆಯ ದಿನ ಪ್ಲೇಟ್‌ಲೆಟ್ 70,000, ಹೆಮಟೋಕ್ರಿಟ್ 46. ಮನೆಯವರ ಕಣ್ಣು ಮೊದಲ ಸಾಲಿಗೇ ಹೋಗುತ್ತದೆ. ಎಪ್ಪತ್ತು ಸಾವಿರ ಇದೆ, ಗಾಬರಿ ಬೇಡ ಎಂದುಕೊಳ್ಳುತ್ತಾರೆ. ಓದಬೇಕಾದದ್ದು ಎರಡನೆಯ ಸಾಲು. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟೆಂದು ಹೇಳುವ ಹೆಮಟೋಕ್ರಿಟ್ 38ರಿಂದ 46ಕ್ಕೆ ಹೋಯಿತೆಂದರೆ ಶೇ 21ರಷ್ಟು ಏರಿತು, ಅಂದರೆ ನೀರಿನ ಭಾಗ ಹೊರಗೆ ಸೋರಿ ರಕ್ತ ಗಟ್ಟಿಯಾಯಿತು. ಶೇ 20ರ ಏರಿಕೆ ಗಣನೀಯ ಸೋರಿಕೆಯ ಗುರುತು. 46 ಎಂಬ ಅಂಕಿಯನ್ನು ಒಂಟಿಯಾಗಿ ನೋಡಿದರೆ ಅದು ಅನೇಕ ಗಂಡಸರಲ್ಲಿ ಸಹಜ ಮಟ್ಟವೇ. ಎರಡನೆಯ ದಿನದ ಚೀಟಿ ಇಲ್ಲದಿದ್ದರೆ ಅದು ಏನನ್ನೂ ಹೇಳುತ್ತಿರಲಿಲ್ಲ. ಹಾಗಾಗಿ ಜ್ವರದ ಮೊದಲ ಮೂರು ದಿನಗಳೊಳಗೆ ಮಾಡಿಸುವ ಪರೀಕ್ಷೆ ವ್ಯರ್ಥವೆಂದು ಯಾರೂ ಭಾವಿಸಬಾರದು. ರಕ್ತದೊತ್ತಡದಲ್ಲೂ ಇಂಥದೇ ಮೋಸವಿದೆ. 100/85 ಎಂದು ಬಂದಾಗ ಮೇಲಿನ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ, ಆದರೆ ಎರಡರ ನಡುವಿನ ಅಂತರ ಬರೀ 15. ಅದು 20 ಅಥವಾ ಅದಕ್ಕಿಂತ ಕಡಿಮೆಯಾದರೆ, ಕೈಕಾಲು ತಣ್ಣಗಾಗಿದ್ದರೆ, ಆಘಾತ ಆಗಲೇ ಆರಂಭವಾಗಿದೆ ಎಂದರ್ಥ. ಆ ಹೊತ್ತಿನಲ್ಲೂ ರೋಗಿ ಎಚ್ಚರವಾಗಿದ್ದು ಸರಿಯಾಗಿ ಮಾತಾಡುತ್ತಿರಬಹುದು.

ಕೊನೆಯದಾಗಿ, ಒಳ್ಳೆಯ ಮನಸ್ಸಿನಿಂದಲೇ ನಾವು ತಂದೊಡ್ಡುವ ಅಪಾಯಗಳು. ಮೈಕೈ ನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರಳಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ; ಡೆಂಗಿಯ ಶಂಕೆ ಇರುವಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ಮಿತಿಯಲ್ಲಿ. ಹೃದಯದ ತೊಂದರೆಗೆಂದು ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಪ್ಲೇಟ್‌ಲೆಟ್ ಇಳಿದಾಕ್ಷಣ ಹೊರಗಿನಿಂದ ಕೊಡಿಸಬೇಕೆಂಬ ಒತ್ತಾಯ ಇನ್ನೊಂದು. ಸಿಂಗಪುರ ಮತ್ತು ಮಲೇಷ್ಯಾದಲ್ಲಿ, ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕಿಂತ ಕೆಳಗಿಳಿದಿದ್ದರೂ ರಕ್ತಸ್ರಾವವಿಲ್ಲದಿದ್ದ 372 ವಯಸ್ಕರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ಡ್ರಿಪ್ ವಿಚಾರವೂ ಅಷ್ಟೇ ನಾಜೂಕು. ಸೋರಿಕೆಯ ಗಂಟೆಗಳಲ್ಲಿ ಜೀವ ಉಳಿಸುವ ಅದೇ ದ್ರವವನ್ನು ಚೇತರಿಕೆಯ ಹಂತದಲ್ಲೂ ಸುರಿಯುತ್ತಲೇ ಹೋದರೆ, ಹೊರಹೋದದ್ದು ಒಳಗೆ ಮರಳುತ್ತಿರುವಾಗ ಅದೂ ಸೇರಿಕೊಂಡು ಶ್ವಾಸಕೋಶದಲ್ಲಿ ತುಂಬುತ್ತದೆ. ಡೆಂಗಿಯನ್ನು ಗೆದ್ದ ರೋಗಿ ಉಸಿರಾಟಕ್ಕೆ ಒದ್ದಾಡುತ್ತಾನೆ.

ಆಸ್ಪತ್ರೆಗೆ ಹೋದಾಗ ಮನೆಯವರು ಹೇಳಬೇಕಾದ ಮಾತು ಮೂರು: ಜ್ವರ ಶುರುವಾದದ್ದು ಯಾವ ದಿನ ಎಷ್ಟು ಹೊತ್ತಿಗೆ, ಕೊನೆಯ ಬಾರಿ ಮೂತ್ರ ಹೋದದ್ದು ಎಷ್ಟು ಗಂಟೆಯ ಹಿಂದೆ, ಮೊದಲೆಂದಾದರೂ ಡೆಂಗಿ ಬಂದಿತ್ತೇ. ಮೂರನೆಯದಕ್ಕೆ ಉತ್ತರ ಕೊಡಬಲ್ಲವರು ಕಡಿಮೆ, ಏಕೆಂದರೆ ಬಹುಪಾಲು ಮೊದಲ ಸೋಂಕುಗಳು ಹೆಸರಿಲ್ಲದ ಜ್ವರವಾಗಿಯೋ ಜ್ವರವೇ ಇಲ್ಲದೆಯೋ ಕಳೆದುಹೋಗಿರುತ್ತವೆ. ಹಾಗಿದ್ದೂ ಈ ಬಾರಿ ಪರೀಕ್ಷೆಯಲ್ಲಿ ಡೆಂಗಿ ಖಚಿತವಾದವರು ಆ ವರದಿಯನ್ನು, ತಾರೀಖಿನ ಸಮೇತ, ಮುಂದಿನ ಜ್ವರದ ದಿನ ಕೈಗೆ ಸಿಗುವಂತೆ ಎತ್ತಿಟ್ಟುಕೊಳ್ಳಬಹುದು.